ಯಾದವ ಕರ್ಕೇರರ ಹಸಿ ಮೀನು

ಕಡಲ ತಡಿಯಲ್ಲಿ ಹುಟ್ಟಿ, ಕಡಲ ಮೀನು ತಿಂದು ಬೆಳೆದು, ಮೂವತ್ತಾರು ವರ್ಷ ತುಂಬಿದರೂ ಕಡಲಿಗೆ ಇಳಿಯದ ಮೊಗವೀರ ಮಂಗಳೂರಿನ ಬೋಳೂರಿನಲ್ಲಿ ಒಬ್ಬನೇ ಇದ್ದ. ಅವನೇ ಯಾದವ ಕರ್ಕೇರ. ಇಳಿಯಲೇ ಇಲ್ಲವೆಂದರೆ ತಪ್ಪಾದೀತು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಮ್ಮೆ ಸೋದರಮಾವನ ದೋಣಿ ಹತ್ತಿದ್ದ. ಅಳಿವೆ ದಾಟುವ ಮೊದಲೇ ಬೆಳಗಿನ ಗಂಜಿಯನ್ನೂ ಅದರ ಹಿಂದಿನ ಊಟವನ್ನೂ ಕಡಲಿಗೆ ಒಪ್ಪಿಸಿ ಬಲೆಯ ಮೇಲೆ ಮಲಗಿಬಿಟ್ಟ. ಮಾವ ದೋಣಿ ತಿರುಗಿಸಿ ಅವನನ್ನು ಮರಳಿನ ಮೇಲೆ ಇಳಿಸಿ, "ಇವನ ಕೈಗೆ ಪೆನ್ನು ಕೊಡಿ" ಎಂದಷ್ಟೇ ಹೇಳಿ ಮತ್ತೆ ಕಡಲಿಗೆ ಹೋದರು.

ಪೆನ್ನು ಕೊಟ್ಟದ್ದು ವ್ಯರ್ಥವಾಗಲಿಲ್ಲ. ಯಾದವ ಸಂಜೆ ತರಗತಿಗೆ ಹೋಗಿ ಮೆಟ್ರಿಕ್ ಮುಗಿಸಿ ಮೀನುಗಾರರ ಸಂಘದಲ್ಲಿ ಗುಮಾಸ್ತನಾದ. ಆದರೆ ಊರಿಗೆ ಅವನು 'ದಡದ ಯಾದವ'ನಾಗಿಯೇ ಉಳಿದ. ಹೊಳೆಯಾಚೆಯ ಬೆಂಗ್ರೆಗೆ ಹೋಗುವ ಕಡವಿನ ದೋಣಿಯಲ್ಲಿ ಅವನು ಕೂತರೆ, ಎದುರು ಕೂತವರು ಕಾಲು ಮಡಚಿಕೊಳ್ಳುತ್ತಿದ್ದರು. ಸಂಘದ ಹಿರಿಯ ತಾಂಡೇಲರಂತೂ, ಎಂದರೆ ದೋಣಿಯ ಮುಖ್ಯಸ್ಥರು, ಹೆಬ್ಬೆಟ್ಟು ಒತ್ತುವಾಗಲೆಲ್ಲ ಕೇಳುತ್ತಿದ್ದರು: "ದಡದ ಯಾದವ, ಶಾಯಿ ಅಲುಗಾಡುವಾಗ ತಲೆ ತಿರುಗುವುದಿಲ್ಲವಾ ನಿನಗೆ?"

ಈ ಹೆಸರನ್ನು ಒಂದು ದಿನ ಅಳಿಸಬೇಕು ಎಂಬುದೇ ಯಾದವನ ಜೀವನದ ಒಂದೇ ಆಸೆ. ಅರವತ್ತೊಂದನೆಯ ಇಸವಿಯಲ್ಲಿ ಅದಕ್ಕೆ ಸರಕಾರವೇ ದಾರಿ ಮಾಡಿಕೊಟ್ಟಿತು.

ಜಪಾನಿನಲ್ಲಿ ನಾರಾ ಎಂಬ ಸೀಮೆ ಉಂಟಂತೆ, ಬಹಳ ಹಿಂದೆ ಅದೇ ಅಲ್ಲಿಯ ರಾಜಧಾನಿ. ಅಲ್ಲಿಯ ಗುಡಿಗಳನ್ನು, ಜನರ ರೀತಿನೀತಿಗಳನ್ನು, ಮುಖ್ಯವಾಗಿ ಮೀನಿನ ಅಡುಗೆಗಳನ್ನು ಆರು ವಾರ ಇದ್ದು ನೋಡಿ ಬರಲು ನಮ್ಮ ಕರಾವಳಿಯಿಂದ ಒಬ್ಬನನ್ನು ಕಳಿಸುವುದೆಂದು ಮೀನುಗಾರಿಕೆ ಇಲಾಖೆ ನಿಶ್ಚಯಿಸಿತು. ಆರಿಸಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಹಿಂದಿನ ತಿಂಗಳವರೆಗೂ ಅವರು ರೇಷ್ಮೆಯ ಇಲಾಖೆಯಲ್ಲಿದ್ದವರು. ಈರುಳ್ಳಿಯನ್ನೂ ಮುಟ್ಟದ ಮನೆತನ. ಮಂಗಳೂರಿನ ಗಾಳಿಗೆ ಅಂಜಿ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿದುಕೊಂಡೇ ಸಂದರ್ಶನಕ್ಕೆ ಕೂತರು.

ಉಮೇದುವಾರರು ನಾಲ್ವರು. ಮೊದಲು ಒಳಗೆ ಹೋದವನು ಮಲ್ಪೆಯ ಬಿ.ಎ. ಪಾಸಾದ ಯುವಕ. ಅವನು ಹೊರಗೆ ಬಂದು ಏನೋ ಪಿಸುಗುಟ್ಟಿದ್ದೇ ತಡ, ಉಳಿದ ಇಬ್ಬರು ಕೊಡೆ ತೆಗೆದುಕೊಂಡು ಬಸ್ಸಿಗೆ ಹೊರಟುಬಿಟ್ಟರು. ಆ ಹೊತ್ತಿಗೆ ಯಾದವ ಬಾವಿಕಟ್ಟೆಯ ಹತ್ತಿರ ಚಪ್ಪಲಿಯ ಮರಳು ತೊಳೆಯುತ್ತಿದ್ದ. ಆ ಪಿಸುಮಾತು ಅವನ ಕಿವಿಗೆ ಬೀಳಲಿಲ್ಲ. ಮುಂದಿನದ್ದೆಲ್ಲ ಆ ಚಪ್ಪಲಿಯಿಂದಲೇ ಆದದ್ದು ಎಂದರೂ ನಡೆದೀತು.

"ನೋಡ್ರಿ ಕರ್ಕೇರ, ಒಂದು ಮಾತು ಮೊದಲೇ ಕೇಳಿಬಿಡ್ತೀನಿ" ಎಂದರು ಅಧಿಕಾರಿ. "ಅಲ್ಲಿ ಹಸಿ ಮೀನು ತಿನ್ನಬೇಕಾಗುತ್ತೆ. ಅಭ್ಯಾಸ ಇದೆಯಾ?"

ಯಾದವನಿಗೆ ಈ ಪ್ರಶ್ನೆ ಸಣ್ಣದಾಯಿತು. "ಹಸಿ ಮೀನೇ ಸಾರ್ ನಾವು ತಿನ್ನುವುದು."

"ಯಾವಾಗಲಾದರೂ ಒಮ್ಮೆ?"

"ದಿನಾ. ಎರಡು ಹೊತ್ತು. ಬೇರೆ ಮೀನು ಮಳೆಗಾಲಕ್ಕೆ ಮಾತ್ರ."

ಅಧಿಕಾರಿಗಳ ಕರವಸ್ತ್ರ ಮೂಗಿನಿಂದ ಬಾಯಿಗೆ ಇಳಿಯಿತು. "ಮನೆಯವರು?"

"ಎಲ್ಲರೂ ಸಾರ್. ತಾಯಿಗೆ ಹಲ್ಲಿಲ್ಲ, ಆದರೂ ಹಸಿ ಮೀನು ಇಲ್ಲದೆ ಅವರಿಗೆ ಗಂಜಿ ಇಳಿಯುವುದಿಲ್ಲ. ಮಗಳು ಕುಶಲಾಳಿಗೆ ಐದು ವರ್ಷ. ಮುಳ್ಳು ತೆಗೆದುಕೊಟ್ಟರೆ ಸಾಕು."

"ತಲೆ... ತಲೆಯನ್ನು ಬಿಸಾಕ್ತೀರಿ ತಾನೆ?"

"ಎಂತ ಸಾರ್ ಹೀಗೆ ಹೇಳ್ತೀರಿ? ತಲೆಯೇ ರುಚಿ. ತಲೆ ಇಲ್ಲದಿದ್ದರೆ ಮೀನು ತಿಂದ ಲೆಕ್ಕವೇ ಇಲ್ಲ."

ಅಧಿಕಾರಿ ಒಂದು ಲೋಟ ನೀರು ಕುಡಿದು, ಬಿಳಿಚಿದ ಮುಖದಲ್ಲಿ ಒಂದು ಪುಟ ಬರೆದರು.

ಇಲ್ಲಿ ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಕರಾವಳಿಯಲ್ಲಿ ಮೀನಿಗೆ ಎರಡೇ ಜಾತಿ. ಬೆಳಿಗ್ಗೆ ಬಲೆಯಿಂದ ಬಂದು ಮಧ್ಯಾಹ್ನದೊಳಗೆ ಸಾರಾಗುವುದು ಹಸಿ ಮೀನು. ಬಿಸಿಲಿನಲ್ಲಿ ಒಣಗಿ ಆಷಾಢಕ್ಕೆ ಕಾಯುವುದು ಒಣ ಮೀನು. ಹಸಿ ಮೀನು ಎಂದರೆ ಒಲೆಯನ್ನೇ ಕಾಣದ ಮೀನು ಎಂಬ ಅರ್ಥ ಸರಿಯಾದ ನಿಘಂಟಿನಲ್ಲಿ ಇದ್ದೀತು, ಬೋಳೂರಿನಲ್ಲಿ ಇಲ್ಲ.

ಹತ್ತೇ ದಿನದಲ್ಲಿ ಆಯ್ಕೆಯ ಪತ್ರ ಬಂತು. ಯಾದವ ಅದನ್ನು ಅಂಗಿಯ ಕಿಸೆಯಲ್ಲಿ ಮೇಲಿನ ಅಂಚು ಕಾಣುವ ಹಾಗೆ ಇಟ್ಟುಕೊಂಡು, ಮನೆಯ ದಾರಿಯನ್ನು ಎರಡು ಸುತ್ತು ಉದ್ದ ಮಾಡಿ ಬಂದ. ತಾಯಿ ಅಪ್ಪಿ ಜಗಲಿಯಲ್ಲಿ ಕೂತು ಬುಟ್ಟಿಯ ಬಾಯಿಗೆ ಬೆತ್ತ ಬಿಗಿಯುತ್ತಿದ್ದರು. ಕಿವಿ ಮಂದ, ಬಾಯಿ ಚುರುಕು.

"ಅಮ್ಮ, ನಾನು ನಾರಾಕ್ಕೆ ಹೋಗ್ತೇನೆ."

"ನರಕಕ್ಕಾ?"

"ನಾರಾಕ್ಕೆ ಅಮ್ಮ. ಸರಕಾರವೇ ಕಳಿಸುವುದು. ದೊಡ್ಡ ದೊಡ್ಡವರು ಅರ್ಜಿ ಹಾಕಿದ್ದರು, ನನಗೆ ಸಿಕ್ಕಿತು."

ಅಪ್ಪಿ ಬೆತ್ತವನ್ನು ಕೆಳಗಿಟ್ಟರು. "ಅದಕ್ಕೂ ಅರ್ಜಿ ಉಂಟಾ ಈಗ? ನಿನ್ನ ಮಾವ ಅರ್ಜಿ ಹಾಕದೆ ಹೋದರು, ಪಾಪ. ಅಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?"

"ಆರು ವಾರ. ಮತ್ತೆ ಕಳಿಸಿಕೊಡುತ್ತಾರೆ."

"ಬಿಡುತ್ತಾರಲ್ಲ, ಅಷ್ಟು ಸಾಕು" ಎಂದು ಅಪ್ಪಿ ಬೆತ್ತವನ್ನು ಮತ್ತೆ ಎತ್ತಿಕೊಂಡರು.

ಹೆಂಡತಿ ಕುಮುದಿನಿಗೆ ಸಂತೋಷವಾಯಿತು. ಗಂಡ ಕಡಲು ದಾಟುತ್ತಾನೆ ಎಂದರೆ ಅವಳ ತವರಿನಲ್ಲಿಯೂ ಬೆಲೆ ಬರುತ್ತದೆ. ಆ ಸಂತೋಷ ಒಂದು ದಿನ ಬಾಳಿತು. ಮರುದಿನದ ಪತ್ರಿಕೆಯಲ್ಲಿ ಅಧಿಕಾರಿಗಳ ಹೇಳಿಕೆ ಅಚ್ಚಾಗಿತ್ತು: 'ತಾಯಿ, ಮಡದಿ, ಮಗುವಿನೊಡನೆ ಪ್ರತಿದಿನ ಎರಡು ಹೊತ್ತು ಬೇಯಿಸದ ಮೀನನ್ನು ತಲೆಸಹಿತ ಸೇವಿಸುವ ಬೋಳೂರಿನ ಶ್ರೀ ಯಾದವ ಕರ್ಕೇರರು ಜಪಾನ್ ಪ್ರವಾಸಕ್ಕೆ ಅತ್ಯಂತ ಯೋಗ್ಯರೆಂದು ಕಂಡುಬಂದಿದೆ.'

ಮೊದಲು ಬೇಲಿಯ ಹತ್ತಿರ ಬಂದವರು ಪಕ್ಕದ ಮನೆಯ ಎಸ್ತೆರ್ ಟೀಚರ್. ಮಿಷನ್ ಶಾಲೆಯಲ್ಲಿ ಕುಶಲಾಳಿಗೆ ಪಾಠ ಹೇಳುವವರು. ಅವರ ಕೈಯಲ್ಲಿ ಬೆಂಕಿಪೆಟ್ಟಿಗೆ ಇತ್ತು.

"ಕುಮುದಿನಿ, ತಪ್ಪು ತಿಳಿಯಬೇಡ. ಒಲೆ ಹಚ್ಚಲಿಕ್ಕೆ ಎಂತದಾದರೂ ಬೇಕಿದ್ದರೆ ಕೇಳಬಾರದಾ? ನೆರೆಕರೆಯವರು ಇರುವುದು ಯಾಕೆ?"

"ಟೀಚರೇ, ನಮ್ಮ ಮನೆಯ ಹೊಗೆಗೆ ನೀವು ಒಗೆದ ಬಟ್ಟೆ ಒಳಗೆ ತೆಗೆದುಕೊಳ್ಳುವುದಿಲ್ಲವಾ ದಿನಾ?"

"ಅದು ನಾನೂ ಆಲೋಚನೆ ಮಾಡಿದೆ" ಎಂದರು ಎಸ್ತೆರ್ ಟೀಚರ್. "ಅನ್ನದ್ದಿರಬೇಕು ಅಂತ ಮಾಡಿದೆ."

ಮಧ್ಯಾಹ್ನ ಪುರಸಭೆಯ ಆರೋಗ್ಯ ತಪಾಸಣೆಯವನು ಬಂದ. ಅಡುಗೆಮನೆಗೆ ಹೋಗಿ ಒಲೆಯನ್ನು ಮುಟ್ಟಿ, ಕೈ ಸುಟ್ಟುಕೊಂಡು, ಸಾಕ್ಷಿಗೆ ಎಸ್ತೆರ್ ಟೀಚರ್ ಅವರನ್ನು ಕರೆದು ಬರೆದುಕೊಂಡ: 'ಒಲೆ, ಒಂದು. ಸ್ಥಿತಿ, ಬಿಸಿ.' ಹೋಗುವಾಗ ನಾಲ್ವರಿಗೂ ಹುಳದ ಮದ್ದು ಕೊಟ್ಟು, ತನ್ನ ಎದುರಿಗೇ ಕುಡಿಯಬೇಕೆಂದ. ಅಪ್ಪಿ, "ನರಕಕ್ಕೆ ಹೋಗುವವನು ಅವನು, ನನಗೆ ಯಾಕೆ ಮದ್ದು?" ಎಂದು ಕೇಳಿದ್ದಕ್ಕೆ ಅವನು ಅವರ ಲೋಟಕ್ಕೆ ಇನ್ನೊಂದು ಚಮಚ ಸುರಿದ.

ಕುಮುದಿನಿ ಯಾದವನೊಡನೆ ಮಾತು ನಿಲ್ಲಿಸಿದಳು. ಆದರೆ ನಿಲ್ಲಿಸುವ ಮೊದಲು ಹೇಳುವುದನ್ನೆಲ್ಲ ಹೇಳಿದಳು. "ಎಂಟು ವರ್ಷದಿಂದ ನಾನು ಅರೆದ ಮೆಣಸು ಎಲ್ಲಿಗೆ ಹೋಯಿತು? ಆ ಹುಳಿಖಾರದ ಪುಳಿಮುಂಚಿ ಸಾರು ಎಲ್ಲಿಗೆ ಹೋಯಿತು? ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ನಾನು ಊದಿದ ಒಲೆ ಎಂತ ಹಾರ್ಮೋನಿಯಮಾ?"

ಶನಿವಾರ ಅವಳ ಅಣ್ಣ ಕಿಟ್ಟು ಸುರತ್ಕಲ್ಲಿನಿಂದ ಬಂದ. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಒಂದು ಎತ್ತಿನ ಗಾಡಿ ತುಂಬ ಸೌದೆ ತಂದಿದ್ದ. ಎಲ್ಲ ಒಂದೇ ಅಳತೆಗೆ ಸೀಳಿದ್ದು, ಚೆನ್ನಾಗಿ ಒಣಗಿದ್ದು. ಅದನ್ನು ಹಿತ್ತಿಲಲ್ಲಿ ಇಳಿಸಬಹುದಿತ್ತು. ಕಿಟ್ಟು ರಸ್ತೆಯ ಬದಿಯಲ್ಲಿ ಇಳಿಸಿದ, ಒಂದೊಂದೇ ತುಂಡು, ಸದ್ದಾಗುವ ಹಾಗೆ.

"ಎಂತ ಭಾವ ಇದು?" ಎಂದ ಯಾದವ.

"ಸೌದೆ, ಭಾವ. ನೀವು ನೋಡಿರಲಿಕ್ಕಿಲ್ಲ. ಇದನ್ನು ಒಲೆಯಲ್ಲಿಟ್ಟು ಬೆಂಕಿ ಕೊಡುವುದು. ಮೇಲೆ ಪಾತ್ರೆ ಇಡುವುದು. ಪಾತ್ರೆಯೊಳಗೆ ಮೀನು. ನಮ್ಮ ಕಡೆ ಹಾಗೆ ಮಾಡುತ್ತಾರೆ. ನನ್ನ ತಂಗಿಯೂ ಮದುವೆಗೆ ಮೊದಲು ಹಾಗೆಯೇ ತಿನ್ನುತ್ತಿದ್ದಳು."

ಬೀದಿಯಲ್ಲಿ ನಿಂತವರು ಹದಿನೇಳು ಜನ. ಹದಿನೆಂಟನೆಯವನು ತಡವಾಗಿ ಬಂದದ್ದರಿಂದ ಕಿಟ್ಟು ಅವನಿಗಾಗಿ ಮತ್ತೊಮ್ಮೆ ಮೊದಲಿನಿಂದ ಹೇಳಿದ.

ತಪ್ಪು ಎಲ್ಲಿ ಆಯಿತೆಂದು ಯಾದವನಿಗೆ ಈಗ ಸ್ಪಷ್ಟವಾಯಿತು. ತಿದ್ದಿದರೆ ಪ್ರವಾಸ ಮಲ್ಪೆಯ ಬಿ.ಎ.ಗೆ ಹೋಗುತ್ತದೆ, ತಾನು ಸಾಯುವವರೆಗೆ ದಡದ ಯಾದವ. ತಿದ್ದದಿದ್ದರೆ ಸರಕಾರಿ ಕಾಗದದಲ್ಲಿ ತನ್ನ ಹೆಸರಿನ ಮುಂದೆ ಸುಳ್ಳು ಉಳಿಯುತ್ತದೆ. ಸಂಜೆ ತರಗತಿಯಲ್ಲಿ ಕಲಿತವನಿಗೆ ಇದು ಸಣ್ಣ ವಿಷಯವಲ್ಲ. ಹಗಲು ಕಲಿತವರಿಗೆ ಹೇಗೋ ಗೊತ್ತಿಲ್ಲ. ಮುಂದಿನ ತಿಂಗಳು ಅಧಿಕಾರಿಗಳು ಮತ್ತೆ ಮಂಗಳೂರಿಗೆ ಬಂದಾಗ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಧೈರ್ಯವಾಗಿ ಅವರ ಎದುರು ನಿಂತ.

"ಸಾರ್, ಒಂದು ತಿದ್ದುಪಡಿ ಉಂಟು. ನಾವು ಹಸಿ ಮೀನನ್ನು ಬೇಯಿಸಿಯೇ ತಿನ್ನುವುದು."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ಬೇಯಿಸಿದ ಮೇಲೆ ಅದು ಹಸಿ ಹೇಗ್ರೀ ಆಗುತ್ತೆ?"

"ಹಸಿ ಇದ್ದರೆ ತಾನೆ ಸಾರ್ ಬೇಯಿಸುವುದು? ಹಳಸಿದ್ದನ್ನು ಯಾರು ಬೇಯಿಸುತ್ತಾರೆ?"

"ಬೇಯಿಸಿದ ಮೇಲೆ ಏನಂತೀರಿ ಅದನ್ನ?"

"ಹಸಿ ಮೀನಿನ ಸಾರು."

"ಹಾಗಾದರೆ ಸಾರು ಹಸಿಯೋ, ಮೀನು ಹಸಿಯೋ?"

"ಮೀನು ಹಸಿ. ಸಾರು ಬಿಸಿ."

ಅಧಿಕಾರಿ ಕರವಸ್ತ್ರಕ್ಕೆ ಇನ್ನೆರಡು ತೊಟ್ಟು ನೀಲಗಿರಿ ಎಣ್ಣೆ ಹಾಕಿಕೊಂಡರು. "ಕರ್ಕೇರ, ನಿಮ್ಮ ಕಾಗದ ಬೆಂಗಳೂರು ದಾಟಿ, ದಿಲ್ಲಿ ದಾಟಿ, ಜಪಾನಿಗೆ ಹೋಗಿ ಆಯಿತು. ಅವರು ಬಹಳ ಸಂತೋಷಪಟ್ಟು ಉತ್ತರ ಬರೆದಿದ್ದಾರೆ. ಅಭ್ಯಾಸ ಇದ್ದವರು ಸಂಕೋಚ ಪಡಬಾರದು. ಹೋಗಿಬನ್ನಿ."

ಯಾದವ ಹಗುರ ಮನಸ್ಸಿನಿಂದ ಹೊರಬಂದ. ಸತ್ಯ ಹೇಳಿದ್ದಾಯಿತು. ಕೇಳುವವನಿಗೆ ಅರ್ಥವಾಗದಿದ್ದರೆ ಹೇಳಿದವನ ತಪ್ಪೇನು? ಇನ್ನು ಉಳಿದದ್ದು ಬೇಯಿಸದ ಮೀನನ್ನು ನುಂಗುವುದೊಂದೇ. ಅದಕ್ಕೆ ಮನುಷ್ಯ ಮನಸ್ಸು ಮಾಡಿದರೆ ಸಾಕು ಎಂದು ಅವನ ತೀರ್ಮಾನ.

ಆ ತೀರ್ಮಾನವನ್ನು ಪರೀಕ್ಷಿಸಿದ್ದು ಬಂದರಿನಲ್ಲಿ, ಹಸನಬ್ಬನ ಗೋದಾಮಿನ ಹಿಂದೆ. ಹಸನಬ್ಬ ಒಣ ಮೀನಿನ ವ್ಯಾಪಾರಿ, ಸಂಜೆ ತರಗತಿಯಲ್ಲಿ ಯಾದವನ ಪಕ್ಕದಲ್ಲೇ ಕೂರುತ್ತಿದ್ದವನು. ಅವನು ಒಂದು ಬಂಗುಡೆಯನ್ನು ತೊಳೆದು, ಸೀಳಿ, ಚಿಟಿಕೆ ಉಪ್ಪಿನೊಡನೆ ತಟ್ಟೆಯಲ್ಲಿಟ್ಟ. ಯಾದವ ಕಣ್ಣು ಮುಚ್ಚಿ ಒಂದು ತುಂಡನ್ನು ಬಾಯಿಗೆ ಹಾಕಿದ. ಬಾಯಿ ಒಪ್ಪಿತು, ಗಂಟಲು ಒಪ್ಪಲಿಲ್ಲ. ಆರು ನಿಮಿಷ ಆ ತುಂಡು ಕೆನ್ನೆಯಿಂದ ಕೆನ್ನೆಗೆ ಓಡಾಡಿ ಕೊನೆಗೆ ಬೆಕ್ಕಿನ ಪಾಲಾಯಿತು.

"ಇದು ಆಗುವ ಹೋಗುವ ಕೆಲಸ ಅಲ್ಲ ಮಾರಾಯ" ಎಂದ ಹಸನಬ್ಬ. "ನನ್ನ ಉಪ್ಪು ಬಂಗುಡೆ ಒಂದು ಡಬ್ಬಿ ಕೊಡ್ತೇನೆ, ತೆಗೆದುಕೊಂಡು ಹೋಗು. ಅದೂ ಬೆಂಕಿ ಕಾಣದ್ದೇ. ಯಾರಾದರೂ ಕೇಳಿದರೆ, ನೋಡಿ ಸ್ವಾಮಿ ಇದೇ ನಮ್ಮ ಹಸಿ ಅಂತ ಹೇಳು. ಜಪಾನಿನವರಿಗೆ ಒಣ ಮೀನಿನ ವಿಷಯ ಎಂತ ಗೊತ್ತುಂಟು?"

ಡಬ್ಬಿಯ ಬಾಯಿಗೆ ತಗಡು ಬೆಸುಗೆ ಹಾಕಿಸಿ ಕೊಟ್ಟ. ಬೊಂಬಾಯಿಯಲ್ಲಿ ಯಾದವ ಅದನ್ನು ಹೊಟ್ಟೆಗೆ ಅವಚಿಕೊಂಡು ಹಡಗು ಹತ್ತಿದ.

ಹಡಗಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದೇ ಮರ್ಯಾದೆ. ಕೊಲಂಬೋವರೆಗೆ ಯಾದವ ಮಲಗಿದ್ದ. ಕೊಲಂಬೋದಿಂದ ಸಿಂಗಾಪುರದವರೆಗೆ ಮಲಗಬಾರದ ರೀತಿಯಲ್ಲಿ ಮಲಗಿದ್ದ. ಅನಂತರ, ಕಡಲಿಗೆ ಕೊಡಲು ಒಳಗೆ ಏನೂ ಉಳಿಯದ ಕಾರಣದಿಂದಲೋ ಏನೋ, ಎದ್ದು ನಿಂತ. ಸುತ್ತ ಎತ್ತ ನೋಡಿದರೂ ದಡವಿಲ್ಲ. ದಡದ ಯಾದವ ಇನ್ನಿಲ್ಲ ಎಂದುಕೊಂಡು ಎರಡು ಇಡ್ಲಿಯಷ್ಟು ಬ್ರೆಡ್ ತಿಂದ, ಅದು ಹೊಟ್ಟೆಯಲ್ಲೇ ಉಳಿಯಿತು.

ಭಾರತದಿಂದ ಹೋದ ತಂಡದಲ್ಲಿ ನಾಲ್ವರು. ಮದರಾಸು, ಕೊಚ್ಚಿ, ಕಲ್ಕತ್ತೆಯಿಂದ ಒಬ್ಬೊಬ್ಬರು, ಮತ್ತು ಯಾದವ. ನಾರಾ ಸೀಮೆಯಲ್ಲಿ ಅವರನ್ನು ಇಳಿಸಿದ್ದು ಬೆಟ್ಟದ ನಡುವಿನ ಒಂದು ಹಳೆಯ ಊರಿನ ವಸತಿಗೃಹದಲ್ಲಿ. ಅದರ ಯಜಮಾನರು ಓಕುಮುರಾ ಎಂಬ ವೃದ್ಧರು. ಅವರು ಸೊಂಟದಿಂದ ಬಾಗಿ ನಮಸ್ಕರಿಸಿದರು. ಬಾಗಿದವರಿಗೆ ತಿರುಗಿ ಬಾಗಬೇಕು, ಅದೇ ಇಲ್ಲಿಯ ಮೊದಲ ಪಾಠ ಎಂದು ದುಭಾಷಿ ಹೇಳಿದ. ಯಾದವ ಬಾಗಿದ. ಅವರು ಮತ್ತೆ ಬಾಗಿದರು. ಇವನು ಮತ್ತೆ. ಕಲ್ಕತ್ತೆಯವನು ಇವನ ಅಂಗಿಯ ತುದಿ ಹಿಡಿದು ಎಳೆಯದಿದ್ದರೆ ಆ ದಿನದ ಊಟ ತಪ್ಪುತ್ತಿತ್ತು.

ತಪ್ಪಿದ್ದರೇ ಚೆನ್ನಾಗಿತ್ತು. ಮೂವರ ಎದುರಿಗೆ ಎಲೆಯಲ್ಲಿ ಕಟ್ಟಿದ ಪುಟ್ಟ ಪೊಟ್ಟಣಗಳು ಬಂದವು. ನಮ್ಮ ಹಲಸಿನೆಲೆಯ ಕೊಟ್ಟೆ ಕಡುಬಿನ ಹಾಗೆ ಅಚ್ಚುಕಟ್ಟು. ಒಳಗೆ ಒತ್ತಿದ ಅನ್ನ, ಅನ್ನದ ಮೇಲೆ ಉಪ್ಪು ಹಾಕಿಟ್ಟ ಬಂಗುಡೆಯ ಜಾತಿಯ ಮೀನಿನ ತೆಳು ಹೋಳು. ದುಭಾಷಿ ವಿವರಿಸಿದ: "ನಮ್ಮದು ಬೆಟ್ಟದ ಸೀಮೆ, ಸಮುದ್ರ ದೂರ. ಹಿಂದಿನ ಕಾಲದಲ್ಲಿ ಹಸಿ ಮೀನು ಇಲ್ಲಿ ತಲುಪುತ್ತಿರಲಿಲ್ಲ. ಉಪ್ಪು ಹಾಕಿ ಹೊತ್ತು ತರುತ್ತಿದ್ದರು. ಅದೇ ನಮ್ಮ ಊಟವಾಯಿತು."

ಎಂದರೆ ಈ ಸೀಮೆಯ ಹೆಸರಾದ ಊಟವೇ ಉಪ್ಪು ಮೀನು. ಯಾದವನ ಎದೆಯಿಂದ ಒಂದು ಕಲ್ಲು ಇಳಿಯಿತು. ಪೊಟ್ಟಣಕ್ಕೆ ಕೈ ಚಾಚಿದ. ಓಕುಮುರಾ ಅವನ ಕೈಯನ್ನು ಮೆಲ್ಲನೆ ತಡೆದು, ನಗುತ್ತ ಚಪ್ಪಾಳೆ ತಟ್ಟಿದರು. ಒಳಗಿನಿಂದ ಇಬ್ಬರು ಹೆಂಗಸರು ಒಂದು ಉದ್ದದ ತಟ್ಟೆಯನ್ನು ಹೊತ್ತು ತಂದರು. ಅದರ ಮೇಲೆ ಮಂಜುಗಡ್ಡೆ, ಮಂಜುಗಡ್ಡೆಯ ಮೇಲೆ ಹೂವಿನ ಹಾಗೆ ಜೋಡಿಸಿದ ಹಸಿ ಮೀನಿನ ಹೋಳುಗಳು, ತುದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಮೀನಿನ ತಲೆ. ಅದರ ಕಣ್ಣು ಯಾದವನ ಕಣ್ಣನ್ನೇ ನೋಡುತ್ತಿತ್ತು.

"ತಮ್ಮ ವಿಷಯ ಸರಕಾರದಿಂದ ಬರೆದು ಬಂದಿದೆ" ಎಂದ ದುಭಾಷಿ. "ದಿನಕ್ಕೆ ಎರಡು ಹೊತ್ತು, ತಲೆಸಹಿತ. ನಮ್ಮ ಊರಿನಲ್ಲೇ ಅಂಥ ರಸಿಕರಿಲ್ಲ. ಬೆಳಗಿನ ಜಾವ ಕಡಲ ತೀರದಿಂದ ಲಾರಿ ಎರಡು ಬೆಟ್ಟ ದಾಟಿ ಬರುತ್ತದೆ. ತಮಗೊಬ್ಬರಿಗಾಗಿ. ಆರು ವಾರವೂ ಬರುತ್ತದೆ."

ಇಡೀ ಮನೆ ಉಸಿರು ಹಿಡಿದು ನೋಡುತ್ತಿತ್ತು. ಯಾದವ ತಾಯಿಯನ್ನು ನೆನೆದ. ಅಮ್ಮನಿಗೆ ಕಿವಿ ಸರಿಯಾಗಿಯೇ ಕೇಳಿಸಿತ್ತು ಎಂದು ಆಗ ಅವನಿಗೆ ಅನ್ನಿಸಿತು. ಆಮೇಲೆ ಬೋಳೂರಿನ ಪರವಾಗಿ ಒಂದು ಹೋಳನ್ನು ನುಂಗಿದ. ಮತ್ತೊಂದನ್ನು ನುಂಗಿದ. ಕಣ್ಣಲ್ಲಿ ನೀರು ಬಂತು. ಓಕುಮುರಾ ಕೂಡ ಕಣ್ಣು ಒರೆಸಿಕೊಂಡರು.

ಡಬ್ಬಿ ಉಂಟಲ್ಲ ಎಂದು ಅವನು ಸಮಾಧಾನ ಮಾಡಿಕೊಂಡದ್ದೂ ಒಂದೇ ದಿನ. ಹಸನಬ್ಬನ ಡಬ್ಬಿಯನ್ನು ಮನೆಯವರು ಅತಿಥಿ ತಂದ ಉಡುಗೊರೆಯೆಂದು ತಿಳಿದು, ತಲೆಗೆ ಮುಟ್ಟಿಸಿಕೊಂಡು ಒಳಗೆ ಒಯ್ದಿದ್ದರು. ಮರುದಿನ ಆ ಬಂಗುಡೆ ಎಲೆಯ ಪೊಟ್ಟಣಗಳಲ್ಲಿ ಮೆರೆಯಿತು, ಉಳಿದ ಮೂವರ ತಟ್ಟೆಯಲ್ಲಿ.

"ಎಂಥ ಮೀನು ಮಾರಾಯರೇ, ನಮ್ಮ ಊರಿನದ್ದೇ ವಾಸನೆ" ಎಂದು ಕೊಚ್ಚಿಯವನು ಎರಡನೆಯ ಸಲ ಬಡಿಸಿಕೊಂಡ. ಯಾದವ ತನ್ನ ಎದುರಿನ ತಲೆಯನ್ನು ನೋಡಿದ. ತಲೆ ಅವನನ್ನು ನೋಡಿತು.

ಹಗಲೆಲ್ಲ ನಾರಾ ಪಟ್ಟಣಕ್ಕೆ ಹೋಗಿ ಗುಡಿಗಳನ್ನು ನೋಡುವುದು. ಅಲ್ಲಿ ಯಾದವನಿಗೆ ಯಾವ ಅಳುಕೂ ಇರಲಿಲ್ಲ. ಮನೆಯಷ್ಟೆತ್ತರದ ಕಂಚಿನ ಬುದ್ಧನ ಎದುರಿಗೆ ಉಳಿದವರು ಬಾಯಿ ತೆರೆದು ನಿಂತರೆ, ಅವನು ಮುಂದೆ ಹೋಗಿ, "ನಮ್ಮ ಕದ್ರಿಯಲ್ಲಿಯೂ ಲೋಕೇಶ್ವರ ಇದ್ದಾನೆ, ಕಂಚಿನವನೇ. ಸಾವಿರ ವರ್ಷದ ಹತ್ತಿರ ಆಯಿತು. ಇಷ್ಟು ದೊಡ್ಡವನಲ್ಲ, ಆದರೆ ಮುಖ ಇದೇ" ಎಂದ. ದುಭಾಷಿ ಅದನ್ನು ಹೇಳಿದಾಗ ಅಲ್ಲಿಯ ಸನ್ಯಾಸಿ ಮೂರು ಸಲ ಬಾಗಿದರು. ಯಾದವ ನಾಲ್ಕು ಸಲ ಬಾಗಿದ. ಬುದ್ಧ ಇಬ್ಬರನ್ನೂ ಸಹಿಸಿಕೊಂಡ.

ಹದಿನಾರನೆಯ ದಿನ ಅವನು ಅಡುಗೆಮನೆಯ ಬಾಗಿಲಿಗೇ ಹೋದ. ಒಳಗೆ ಅಡುಗೆಯ ಅಜ್ಜಿ ಎಲೆ ಒರೆಸುತ್ತಿದ್ದಳು. ಅಪ್ಪಿಯ ಹಾಗೆಯೇ ಹಲ್ಲಿಲ್ಲದ ಬಾಯಿ. ಅವಳಿಗೆ ಕನ್ನಡ ಬರುವುದಿಲ್ಲ, ಇವನಿಗೆ ಜಪಾನಿ ಬರುವುದಿಲ್ಲ. ಅವನು ಪೊಟ್ಟಣವನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, "ಬಂಗುಡೆ" ಎಂದ. ಆ ಒಂದು ಪದವನ್ನು ಅವನು ಹೇಳಿದ ರೀತಿಗೆ ಯಾವ ದೇಶದ ಅಜ್ಜಿಯೂ ಕರಗಬೇಕು. ಅವಳು ಅತ್ತಿತ್ತ ನೋಡಿ ಒಂದು ಪೊಟ್ಟಣವನ್ನು ಅವನ ಕೈಯಲ್ಲಿ ತುರುಕಿದಳು.

ಅವನು ಅದನ್ನು ಕೋಟಿನ ಒಳಗಿಟ್ಟು ಕಾದ. ಮಧ್ಯಾಹ್ನ ದೊಡ್ಡ ಗುಡಿಯ ತೋಟದಲ್ಲಿ, ಉಳಿದವರು ಅಲ್ಲಿಯ ಕಂಚಿನ ಗಂಟೆಯನ್ನು ನೋಡುತ್ತಿದ್ದಾಗ, ಒಂದು ಮರದ ಹಿಂದೆ ನಿಂತು ಎಲೆ ಬಿಡಿಸಿದ. ಮೂಗಿಗೆ ಬಂದರಿನ ಗಾಳಿ ಬಡಿಯಿತು. ಬಾಯಿ ತೆರೆದ. ಆಗ ಎದುರಿಗೆ ಒಂದು ಜಿಂಕೆ ಬಂದು ನಿಂತಿತು.

ಆ ಪಟ್ಟಣದ ಜಿಂಕೆಗಳು ದೇವರ ಜಿಂಕೆಗಳು. ರಸ್ತೆಯಲ್ಲಿ ತಿರುಗುತ್ತವೆ, ತಿನ್ನಲು ಏನಾದರೂ ಬೇಕಾದರೆ ತಲೆ ಬಾಗಿಸುತ್ತವೆ. ಇದೂ ಬಾಗಿಸಿತು. ಹದಿನಾರು ದಿನದ ಅಭ್ಯಾಸ, ಬಾಗಿದವರಿಗೆ ತಿರುಗಿ ಬಾಗಬೇಕು. ಯಾದವ ಸೊಂಟದಿಂದ ಬಾಗಿದ, ಎರಡೂ ಕೈ ಮುಂದೆ ಮಾಡಿ. ಎದ್ದು ನೋಡುವಾಗ ಕೈಯಲ್ಲಿ ಪೊಟ್ಟಣವಿರಲಿಲ್ಲ. ಹುಲ್ಲಿನ ಮೇಲೆ ಹಸನಬ್ಬನ ಬಂಗುಡೆಯ ಹೋಳು ಬಿದ್ದಿತ್ತು, ಅದನ್ನು ಒಂದು ಕಾಗೆ ಎತ್ತಿತು. ಜಿಂಕೆ ಅನ್ನವನ್ನೂ ಎಲೆಯನ್ನೂ ತಿಂದು ಮತ್ತೊಮ್ಮೆ ಬಾಗಿತು. ಈ ಸಲ ಯಾದವ ಬಾಗಲಿಲ್ಲ.

ಆ ಸಂಜೆ ಅವನಿಗೆ ವಿಪರೀತ ಹಸಿವು. ತಟ್ಟೆ ಬಂತು. ಕಣ್ಣು ಮುಚ್ಚಲು ಮರೆತು ಒಂದು ಹೋಳನ್ನು ಬಾಯಿಗೆ ಹಾಕಿದ. ಇನ್ನೊಂದನ್ನು ಹಾಕಿದ. ಮೂರನೆಯದನ್ನು ಜಗಿಯುವಾಗ, ಇದರಲ್ಲಿ ಒಂದು ಬಗೆಯ ಸಿಹಿ ಉಂಟಲ್ಲ ಎಂದು ಅನ್ನಿಸಿತು. ತಲೆಯ ಕಡೆ ನೋಡಿದ. ಈ ಸಲ ತಲೆಯೇ ಕಣ್ಣು ತಪ್ಪಿಸಿದ ಹಾಗಿತ್ತು.

ಮಂಗಳೂರಿಗೆ ಮರಳಿ ಬಂದಾಗ ಸಂಘದ ಅಂಗಳದಲ್ಲಿ ಚಪ್ಪರ ಹಾಕಿ ಸನ್ಮಾನ ಇಟ್ಟುಕೊಂಡಿದ್ದರು. ಅಧ್ಯಕ್ಷತೆ ಅಧಿಕಾರಿಗಳದ್ದು. ಮುಂದಿನ ಸಾಲಿನಲ್ಲಿ ಎಸ್ತೆರ್ ಟೀಚರ್, ಹಸನಬ್ಬ, ಸುರತ್ಕಲ್ಲಿನಿಂದ ಕಿಟ್ಟು. ಅಪ್ಪಿ ಎಲ್ಲರಿಗೂ, "ಬಿಟ್ಟು ಕಳಿಸಿದರು, ಪಾಪ, ಒಳ್ಳೆಯವರಂತೆ" ಎನ್ನುತ್ತಿದ್ದರು. ಹಾರ ಹಾಕಿ ಆದಮೇಲೆ ತಾಂಡೇಲರು ಎದ್ದರು. ಅವರ ಕೈಯಲ್ಲಿ ಆಗಷ್ಟೇ ದೋಣಿಯಿಂದ ಇಳಿಸಿದ ಒಂದು ಅಂಜಲ್ ಮೀನು.

"ಎಲ್ಲ ಸರಿ. ಪೇಪರಿನಲ್ಲಿ ಯಾರು ಬೇಕಾದರೂ ತಿನ್ನಬಹುದು" ಎಂದರು. "ದಡದ ಯಾದವ, ಹತ್ತು ಜನರ ಎದುರು ತಿಂದು ತೋರಿಸು."

ಹಸನಬ್ಬ ಗೋದಾಮಿನ ಬೆಕ್ಕನ್ನು ನೆನೆದು ತಲೆ ತಗ್ಗಿಸಿದ. ಮಲ್ಪೆಯ ಬಿ.ಎ. ಕೂಡ ಬಂದಿದ್ದ, ಹಿಂದಿನ ಸಾಲಿನಿಂದ ಎದ್ದು ನಿಂತ.

ಯಾದವ ಮೀನಿನ ಕಿವಿರನ್ನು ಎತ್ತಿ ನೋಡಿದ. "ಹಸಿ ಉಂಟು" ಎಂದ. ಎಸ್ತೆರ್ ಟೀಚರ್ ಅವರ ಮನೆಯಿಂದ ಸಪೂರ ಚಾಕು ತರಿಸಿದ. ಬೆನ್ನಿನ ಕಡೆಯಿಂದ ಒಂದು ಹಾಳೆಯಷ್ಟು ತೆಳ್ಳಗೆ ಸೀಳಿ, ಬಾಯಿಗೆ ಹಾಕಿ, ಅವಸರವಿಲ್ಲದೆ ಜಗಿದು ನುಂಗಿದ. ಇನ್ನೊಂದು ಹೋಳು ತಿಂದ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ಸ್ವಲ್ಪ ಶುಂಠಿ ಇದ್ದರೆ ಒಳ್ಳೆಯದಿತ್ತು" ಎಂದ.

ತಾಂಡೇಲರು ಕುರ್ಚಿಯಲ್ಲಿ ಕೂತರು. "ನಲವತ್ತು ವರ್ಷ ಕಡಲಲ್ಲಿ ಇದ್ದೇನೆ" ಎಂದರು, ಯಾರಿಗೆಂದು ಇಲ್ಲದೆ. "ಕಡಲನ್ನು ಹೀಗೆ ತಿಂದವನನ್ನು ನೋಡಿಲ್ಲ. ಇವನು ದಡದವನಲ್ಲ ಮಾರಾಯರೇ. ನಾವೇ ದಡದವರು."

ಕಿಟ್ಟು ವೇದಿಕೆಗೆ ಹತ್ತಿ ಭಾವನ ಕೈ ಕುಲುಕಿದ, ತುಸು ದೂರದಿಂದ. ಅಧಿಕಾರಿ ಕರವಸ್ತ್ರದ ಹಿಂದಿನಿಂದಲೇ ಕೇಳಿದರು: "ಕರ್ಕೇರ, ನಿಮ್ಮ ಕಾಗದದಲ್ಲಿ ಏನೋ ತಿದ್ದುಪಡಿ ಅಂದಿದ್ರಲ್ಲ?"

"ಬೇಡ ಸಾರ್" ಎಂದ ಯಾದವ. "ಸರಿಯಾಗಿಯೇ ಉಂಟು."

ಅವನ ಮನಸ್ಸಿನ ಮೇಲಿದ್ದ ಒಂದೇ ಸುಳ್ಳು ಹೀಗೆ ನಿಜವಾಗಿಬಿಟ್ಟಿತು. ಸಂಘದಿಂದ ಮನೆಯವರೆಗೆ ಅವನು ನಡೆದದ್ದು, ದೋಣಿಯಿಂದ ಇಳಿದ ತಾಂಡೇಲರು ನಡೆಯುವ ಹಾಗೆ, ಕಾಲು ಅಗಲಿಸಿ.

ಮನೆಯಲ್ಲಿ ಕುಮುದಿನಿ ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತಿದ್ದಳು. ಮೂರು ತಿಂಗಳು ಹೊರಗೆ ಅಲೆದು ಬಂದ ಗಂಡನಿಗೆ ಬಂಗುಡೆಯ ಪುಳಿಮುಂಚಿ, ಅವಳ ಕೈಯಿಂದ ಇದುವರೆಗೆ ಬಂದದ್ದರಲ್ಲಿ ಅತ್ಯುತ್ತಮವಾದದ್ದು. ಮುನಿಸು ಬಿಟ್ಟು ಅವಳೇ ಬಡಿಸಿ, ಎದುರಿಗೆ ಕೂತಳು. ಯಾದವ ಒಂದು ತುತ್ತು ತಿಂದ. ಕಣ್ಣು ಮುಚ್ಚಿ ಆಲೋಚಿಸಿದ.

"ಹೇಗುಂಟು?" ಎಂದಳು ಕುಮುದಿನಿ.

ಯಾದವ ಸುಳ್ಳು ಹೇಳುವವನಲ್ಲ.

"ಎಲ್ಲ ಸರಿ ಉಂಟು" ಎಂದ. "ಸ್ವಲ್ಪ ಹೆಚ್ಚು ಬೆಂದಿತಾ ಅಂತ."

ಕುಮುದಿನಿ ಪುಳಿಮುಂಚಿಯ ಪಾತ್ರೆಯನ್ನು ಅವನ ಎದುರಿನಿಂದ ಎಳೆದುಕೊಂಡಳು. ಎದ್ದು ಒಲೆಯ ಪಕ್ಕಕ್ಕೆ ಹೋದಳು. ಕಿಟ್ಟು ತಂದ ಸೌದೆಯಲ್ಲಿ ಇನ್ನೂ ಒಂದು ತುಂಡು ಉಳಿದಿತ್ತು.